ಬೀಗಿತ್ತಿ ಬಿಟ್ಟುಹೋದ ಥಾನು

ಕೈಗೆ ಕತ್ತರಿ ಬಂದರೆ ನನಗೆ ಸ್ವಲ್ಪ ಸೊಕ್ಕು ಬರುತ್ತದೆ. ಧಾರವಾಡದಲ್ಲಿದ್ದಾಗ ಓಣಿಯ ಅರ್ಧ ಹೆಂಗಸರ ಜಂಪರು ಹೊಲಿದವಳು ನಾನು. ಪರದೇಶದ ಈ ವುಡ್‌ಬ್ರಿಡ್ಜಿನಲ್ಲಿ, ಮಗನ ಮನೆಯ ಬೇಸ್‌ಮೆಂಟಿನಲ್ಲಿ, ಈಗಲೂ ನನ್ನ ಮಷೀನಿಗೆ ಮನೆ ಬೆಚ್ಚಗಿಡುವ ಫರ್ನೇಸಿಗಿಂತ ಹೆಚ್ಚು ಮರ್ಯಾದೆ. ಹಾಗಾಗಿ ಸೊಸೆ ನವೋಮಿ ಬಟ್ಟೆಯ ಥಾನೊಂದನ್ನು ತಂದು, ತನ್ನ ಮಗಳು ಮಿಕಾಳಿಗೆ ಯುಕಾತಾ ಹೊಲಿಯೋಣ, ಅದೂ ಕೈಯಿಂದಲೇ, ಎಂದಾಗ ಒಳಗೊಳಗೇ ನಕ್ಕೆ.

ಯುಕಾತಾ ಎಂದರೆ ಜಪಾನಿನವರು ಬೇಸಿಗೆಯಲ್ಲಿ ತೊಡುವ ಹತ್ತಿಯ ನಿಲುವಂಗಿ. ಥಾನು ನವೋಮಿಯ ತಾಯಿಯದು. ಮೊಮ್ಮಗಳಿಗೆಂದು ತರಿಸಿಟ್ಟಿದ್ದ ಬೀಗಿತ್ತಿ, ಕತ್ತರಿ ಹಾಕುವ ಮೊದಲೇ, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹೋದವರನ್ನು ನೆನೆದು ಕುಣಿಯುವ ಹಬ್ಬವೊಂದು ಅವರಲ್ಲಿ ಬೇಸಿಗೆಗೆ ಬರುತ್ತದೆ. ಮಿಕಾ ಇದನ್ನು ತೊಟ್ಟೇ ಕುಣಿಯಬೇಕೆಂದು ನವೋಮಿಯ ಆಸೆ. ಕೆಟ್ಟರೆ ಇಂಥ ಬಟ್ಟೆಗೆ ಯಾವ ಅಂಗಡಿಗೆ ಹೋಗುವುದು?

ನನಗೂ ಬೀಗಿತ್ತಿಗೂ ಇಬ್ಬರಿಗೂ ಬರುವ ಒಂದು ಭಾಷೆ ಇರಲಿಲ್ಲ. ಮಕ್ಕಳ ಮದುವೆಯಲ್ಲಿ ಅವರು ತಮ್ಮ ಪದ್ಧತಿಯಂತೆ ಬಗ್ಗಿ ವಂದಿಸಿದರು, ನಾನು ಕೈ ಮುಗಿದೆ. ಅವರು ಮತ್ತೆ ಬಗ್ಗಿದರು, ನಾನು ಮತ್ತೆ ಮುಗಿದೆ. ಯಾರು ಮೊದಲು ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಬಟ್ಟೆಯೂ ವಿಚಿತ್ರ. ಉದ್ದ ಎರಡು ಸೀರೆಯಷ್ಟು, ಅಗಲ ಟವೆಲ್ಲಿನಷ್ಟೂ ಇಲ್ಲ. ಕಂಕುಳಿಗೆ ಸೊಟ್ಟ ಕತ್ತರಿಸುವ ಮಾತೇ ಇಲ್ಲ, ಎಲ್ಲಾ ನೇರ. ನಮ್ಮ ಹಿರಿಯರು ಹೊಲಿಯದ ಬಟ್ಟೆಯೇ ಮಡಿ ಎಂದರು. ಇವರು ಬಟ್ಟೆಗೇ ಗೊತ್ತಾಗದ ಹಾಗೆ ಹೊಲಿದರು.

ನೇರ ಕತ್ತರಿಸಿದ ತುಂಡುಗಳಿಗೆ ಟಾಚಣಿ ಚುಚ್ಚಿ ಮಿಕಾಳಿಗೆ ತೊಡಿಸಿದರೆ ಅಂಗಿ ನೆಲ ಗುಡಿಸಿತು. ನಮ್ಮ ಯಜಮಾನರು ಸೋಫಾದಿಂದಲೇ, “ಕೂಸಿಗೆ ಹೊಲ್ಯಾಕತ್ತೀಯೋ, ನನಗ ಹೊಲ್ಯಾಕತ್ತೀಯೋ?” ಎಂದರು. ಹೆಚ್ಚಾದ ಉದ್ದ ಕತ್ತರಿಸಿಬಿಡಲೆಂದು ರೋಷದಿಂದ ಕತ್ತರಿ ಎತ್ತಿದೆ. ನವೋಮಿ ನನ್ನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿಸುವಾಗ “ಅತ್ತೀ, ಸಾಕು” ಎನ್ನುವುದನ್ನು ಬಿಟ್ಟರೆ ನನಗೆ ಎದುರಾಡದ ಹುಡುಗಿ.

“ಅತ್ತೀ, ಬ್ಯಾಡ! ನೋ ಕಟಿಂಗ್. ಮಮ್ ಫೋಲ್ಡ್ ಮಾಡ್ತಿದ್ರು.”

ಹೆಗಲಲ್ಲಿ ಒಂದು, ಸೊಂಟದಲ್ಲಿ ಒಂದು ಮಡಿಕೆ ಹಿಡಿದು ತೋರಿಸಿದಳು. ಮಗು ಬೆಳೆದಂತೆ ಬಿಚ್ಚುವುದಂತೆ. ನಾನು ಕತ್ತರಿ ಕೆಳಗಿಟ್ಟೆ. ಚಿಕ್ಕಂದಿನಲ್ಲಿ ನನ್ನ ಪರಕಾರದ, ಎಂದರೆ ಲಂಗದ, ಅಂಚಿಗೆ ಅವ್ವ ಹಾಕುತ್ತಿದ್ದ ಮಡಿಕೆ ಅದು! “ಬೆಳಿಯೋ ಹುಡಿಗಿ, ಒಳಗ ಇರಲಿ” ಎನ್ನುತ್ತಿದ್ದಳು. ಬಿಚ್ಚಿದ ಮೇಲೂ ಹಳೆಯ ಗೆರೆ ಉಳಿಯುತ್ತದೆಂದು ನಾನು ಮುಖ ಊದಿಸುತ್ತಿದ್ದೆ.

ಅಷ್ಟಕ್ಕೇ ಬುದ್ಧಿ ಬಂತೆನ್ನಬೇಡಿ. ಮಡಿಕೆಗಳಿಗೆ ಜಂಪರಿನ ಅಭ್ಯಾಸದಂತೆ ಜೋಡಿ ದಾರದ ಒತ್ತು ಹೊಲಿಗೆ ಹಾಕಿದೆ. ನವೋಮಿ ಎಳೆದು ನೋಡಿ ನಕ್ಕಳು. ಇದನ್ನು ಬಿಚ್ಚುವುದು ಹೇಗೆ? ನಾನೇ ಬ್ಲೇಡು ಹಿಡಿದು ಬಿಚ್ಚಿ, ಹಗುರವಾಗಿ ಮತ್ತೆ ಹಾಕಿದೆ.

ಹೊಲಿಯುತ್ತ ಹೊಲಿಯುತ್ತ ಬೀಗಿತ್ತಿಯ ಮೇಲೆ ಪ್ರೀತಿ ಉಕ್ಕಿತು. ತಾನು ನೋಡಲಾಗದ ಎತ್ತರಕ್ಕೂ ಸಾಲುವಷ್ಟು ಬಟ್ಟೆ ತೆಗೆದಿಟ್ಟರಲ್ಲ. ಅದನ್ನು ಹೊಲಿಯುವ ಭಾಗ್ಯ ನನಗೆ ಬಿಟ್ಟರಲ್ಲ. ಅವರ ಋಣ ದೊಡ್ಡದು.

ಹಬ್ಬದ ದಿನ ಮಿಕಾ ಕುಣಿದಳು. ಅಂಗಿ ಅವಳ ಪಾದಕ್ಕೆ ಒಮ್ಮೆಯೂ ತೊಡರಲಿಲ್ಲ. ನಾನು ಎದ್ದು ನಿಂತು, ಯಾರಿಗೆಂದು ಹೇಳದೆ, ಬೀಗಿತ್ತಿ ಬಗ್ಗುತ್ತಿದ್ದ ಹಾಗೆಯೇ ಬಗ್ಗಿದೆ.

ಬಿಚ್ಚಬಾರದು ಎಂದೇ ಇಷ್ಟು ವರ್ಷ ಹೊಲಿದವಳು ನಾನು. ಈ ಮಡಿಕೆಗಳಲ್ಲೊಂದು ಮುಂದಿನ ಬೇಸಿಗೆಗೆ ಬಿಚ್ಚುವಂತಾಗಲಿ, ಬಿಚ್ಚುವ ಕೈ ನನ್ನದೇ ಆಗಿರಲಿ.