‘ಎಲ್ಲಿಗೆ’ ಎಂದು ಕೇಳಬಾರದು

ಮೊನ್ನೆ ಕುಮಟಾ ಬಸ್‌ಸ್ಟ್ಯಾಂಡಿನ ಎದುರು ಒಬ್ಬಾಕೆ ಬುಟ್ಟಿ ತುಂಬ ಸುರಗಿ ಹೂವಿನ ಮಾಲೆ ಇಟ್ಟುಕೊಂಡು ಕೂತಿದ್ದಳು. ಆಫೀಸು ಮುಗಿಸಿ ಹೊನ್ನಾವರದ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದ ನಾನು ಆ ಪರಿಮಳಕ್ಕೆ ಅಲ್ಲೇ ನಿಂತುಬಿಟ್ಟೆ. ಬಸ್ಸು ಹೊರಟೇಹೋಯಿತು. ಹೋದರೆ ಹೋಗಲಿ, ಹಾಳಾದ್ದು! ನನಗೆ ಪಕ್ಕದ ಮನೆಯ ಚಿಕ್ಕಿ ನೆನಪಾಗಿದ್ದರು...

ಸ್ವಂತ ಚಿಕ್ಕಮ್ಮನೇನಲ್ಲ, ಬಾಯಿಮಾತಿಗೆ ಚಿಕ್ಕಿ. ಹೊನ್ನಾವರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ, ಅಷ್ಟೇ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತನ್ನವರು ಅಂತ ಇದ್ದದ್ದು ಗೇರುಸೊಪ್ಪದಲ್ಲಿ ಒಬ್ಬ ಅಣ್ಣ. ಕೇರಿಯ ಹೆಂಗಸರ ರವಿಕೆ ಹೊಲಿದುಕೊಂಡು, ಹಿತ್ತಲಿನ ಸುರಗಿ ಮರದ ಹೂವನ್ನು ಬೇಲಿಯಾಚೆಯ ನಮಗೆಲ್ಲ ಹಂಚಿಕೊಂಡು ಇದ್ದರು.

ಅವರದು ಭಾರೀ ಮಾತಿನ ಮಡಿ. ಕೆಟ್ಟದ್ದನ್ನು ಬಾಯಲ್ಲಿ ಆಡಲೇಬಾರದು. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ಡಬ್ಬಿಯಲ್ಲಿ ಅಕ್ಕಿ ಖಾಲಿಯಾದರೂ ‘ಹೆಚ್ಚಾಗಿದೆ’ ಅನ್ನಬೇಕು. ದೀಪ ಆರಿಸುವುದಲ್ಲ, ‘ದೊಡ್ಡದು ಮಾಡುವುದು’. ಹೊರಡುವಾಗ ‘ಹೋಗ್ತೆ’ ಅಂದರಂತೂ ಮುಗಿಯಿತು, ‘ಬತ್ತೆ’ ಅನ್ನುವವರೆಗೆ ಬಾಗಿಲು ಬಿಡುತ್ತಿರಲಿಲ್ಲ. ನಾನು ಮೊದಲಿಂದಲೂ ಬಾಯಿಬಡುಕಿ. ‘ಖಾಲಿಯಾದ್ದಕ್ಕೆ ಹೆಚ್ಚಾತು ಅಂದ್ರೆ ಡಬ್ಬಿ ತುಂಬ್ತದಾ ಚಿಕ್ಕಿ?’ ಎಂದು ಕೆಣಕುತ್ತಿದ್ದೆ. ‘ತುಂಬೂದಿಲ್ಲ. ಆದ್ರೆ ಕೇಳ್ದವ್ರಿಗೆ ಬೇಜಾರಾಗೂದಿಲ್ಲ’ ಎಂದು ನಗುತ್ತಿದ್ದರು.

ಒಮ್ಮೆ ಅಪ್ಪ ಕೋರ್ಟಿನ ಕೆಲಸಕ್ಕೆಂದು ಚಪ್ಪಲಿ ಮೆಟ್ಟಿ ಅಂಗಳ ದಾಟುತ್ತಿದ್ದರು. ನಾನಾಗ ಸಣ್ಣವಳು. ‘ಅಪ್ಪಾ, ಎಲ್ಲಿಗೆ?’ ಎಂದು ಜಗುಲಿಯಿಂದ ಕೂಗಿದೆ. ಅಪ್ಪ ಕಕ್ಕಾಬಿಕ್ಕಿಯಾಗಿ ನಿಂತರು. ಬೇಲಿಯಾಚೆಯಿಂದ ಚಿಕ್ಕಿ ಓಡಿಬಂದು ನನ್ನ ಕಿವಿ ಹಿಂಡಿದರು. ‘ಎಂತ ಹುಡುಗಿಯೇ ನೀನು! ಹೊರಟವ್ರ ಹತ್ರ ಎಲ್ಲಿಗೆ ಅಂತ ಕೇಳೂದಾ? ಹೋದ ಕೆಲ್ಸ ಕೆಡ್ತದೆ. ದೂರ ಹೊರಟ್ರಾ ಅಂತ ಕೇಳು, ಸಾಕು.’ ಕೇಳಿದ್ದು ಕೇಳಿಯಾಗಿತ್ತಲ್ಲ, ಅದಕ್ಕೂ ಪರಿಹಾರವಿತ್ತು. ಅಪ್ಪ ಚಪ್ಪಲಿ ಬಿಚ್ಚಿ ವಾಪಸು ಬಂದು ಜಗುಲಿಯ ಮೇಲೆ ಕೂತರು. ಅಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹೊಸದಾಗಿ ಹೊರಟವರ ಹಾಗೆ ಎದ್ದು ಹೋದರು.

ಅಂದಿನಿಂದ ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಬಾಯಿಬಡುಕಿಯೂ ಅದೊಂದನ್ನು ಕಲಿತಳು ಎಂದು ಚಿಕ್ಕಿಗೆ ಬಹಳ ಹೆಮ್ಮೆ.

ನನಗೆ ಕೆಲಸ ಸಿಕ್ಕ ವರ್ಷದ ಮಾತು. ಸುರಗಿಯ ಕಾಲ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಚಿಕ್ಕಿ ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಆಗೀಗ ಗೇರುಸೊಪ್ಪಕ್ಕೆ ಹೋಗುತ್ತಿದ್ದರು, ಆದರೆ ಆ ಚೀಲ ಅಷ್ಟು ಉಬ್ಬಿರುತ್ತಿರಲಿಲ್ಲ. ಮುಖವೂ ಇಳಿದಿತ್ತು. ‘ಎಲ್ಲಿಗೆ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು...

‘ದೂರ ಹೊರಟ್ರಾ ಚಿಕ್ಕಿ?’ ಅಂದೆ.

‘ಸ್ವಲ್ಪ ದೂರ ತಂಗಿ.’ ಚೀಲ ಕೆಳಗಿಟ್ಟರು. ಒಂದು ಸುರಗಿ ಮಾಲೆ ತೆಗೆದು ನನ್ನ ಜಡೆಗೆ ಮುಡಿಸಿದರು. ಮುಡಿಸಿದ ಮೇಲೂ ಹೋಗಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತ ನಿಂತೇ ಇದ್ದರು. ಕೊನೆಗೆ ಚೀಲ ಎತ್ತಿಕೊಂಡು, ‘ಆತು, ಬತ್ತೆ’ ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ಬರಲಿಲ್ಲ. ಸುಮಾರು ದಿನ ಬಾಗಿಲು ಮುಚ್ಚಿದ್ದನ್ನು ಕಂಡು ಅಣ್ಣನ ಮನೆಯಲ್ಲಿರಬೇಕು ಅಂದುಕೊಂಡೆವು. ಮನೆ ಖಾಲಿ ಮಾಡಲು ಆ ಅಣ್ಣನೇ ಬಂದಾಗ ಗೊತ್ತಾಯಿತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತಂತೆ. ಮಂಗಳೂರಿನ ಆಸ್ಪತ್ರೆಗೆ ಒಬ್ಬರೇ ಹೋಗಿ ಸೇರಿಕೊಂಡಿದ್ದರಂತೆ. ಆಪರೇಷನ್ ಆದಮೇಲೆ ಎಚ್ಚರವಾಗಲೇ ಇಲ್ಲ. ಅಣ್ಣನಿಗೆ ಸುದ್ದಿ ಮುಟ್ಟಿದ್ದೂ ಎಲ್ಲ ಮುಗಿದ ಮೇಲೆಯೇ. ‘ನಿಮಗಾದ್ರೂ ಹೇಳಿರ್ಬೇಕು ಅಂತ ಮಾಡಿದ್ದೆ’ ಎಂದು ಅವರು ನಮ್ಮ ಜಗುಲಿಯಲ್ಲಿ ಕೂತು ಅತ್ತರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಎಂಥ ಸಂಕಟವೆಂದರೆ, ಚಿಕ್ಕಿ ಸುಳ್ಳು ಹೇಳುವವರಲ್ಲ. ಕೆಟ್ಟ ಸುದ್ದಿಯನ್ನು ತಾವಾಗಿ ಆಡುತ್ತಿರಲಿಲ್ಲ ನಿಜ, ಆದರೆ ನೇರವಾಗಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಗೇಟಿನ ಹತ್ತಿರ ಅಷ್ಟು ಹೊತ್ತು ನಿಂತದ್ದು ಅದಕ್ಕೇ ಇರಬಹುದೇ? ನಾನೊಬ್ಬಳು ಶಾಸ್ತ್ರ ಮುರಿದು ಕೇಳಲಿ ಎಂದೇ? ಗೊತ್ತಿಲ್ಲ... ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆಯೂ ಹೋಗುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ.

ಈಗ ಅವರ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಸುರಗಿ ಮರವೂ ಇಲ್ಲ.

ಮೊನ್ನೆ ತಂದ ಮಾಲೆಯನ್ನು ಮುಡಿಯಲು ಮನಸ್ಸಾಗದೆ ಕಿಟಕಿಗೆ ನೇತುಹಾಕಿದ್ದೇನೆ. ಒಣಗಿದೆ, ಪರಿಮಳ ಹಾಗೆಯೇ ಇದೆ. ಇವತ್ತು ಬೆಳಿಗ್ಗೆ ನನ್ನವರು ಚಪ್ಪಲಿ ಮೆಟ್ಟಿ ಹೊರಟಿದ್ದರು. ‘ಎಲ್ಲಿಗೆ?’ ಎಂದೆ.

‘ಎಂತ ಮಾರಾಯ್ತಿ, ಹೊರಡುವಾಗ್ಲೇ ಬಾಯಿ ಹಾಕ್ಬೇಕಾ ನಿಂಗೆ?’ ಎಂದು ಸಿಡುಕುತ್ತ ಚಪ್ಪಲಿ ಬಿಚ್ಚಿ ವಾಪಸು ಬಂದು ಕೂತರು. ನಾನು ಒಳಗಿಂದ ಒಂದು ಲೋಟ ನೀರು ತಂದುಕೊಟ್ಟೆ. ಅವರು ಕುಡಿಯುವುದನ್ನು ನೋಡುತ್ತ ನಿಂತೆ. ಅಂದು ಕೇಳಿದ್ದರೆ ಚಿಕ್ಕಿಯೂ ಹೀಗೇ ವಾಪಸು ಬಂದು ನಮ್ಮ ಜಗುಲಿಯಲ್ಲಿ ಕೂರಬೇಕಾಗಿತ್ತು.