ಟಿ.ಸಿ. ಬೇಡ ಎಂದ ಅಕ್ಕ

ಮಗಳು ಕಾಲೇಜಿನಿಂದ ಬಂದು ತನ್ನ ಬಿಳಿ ಕೋಟನ್ನು ಕುರ್ಚಿಗೆ ಎಸೆದಳು. ಕೊಳೆತ ಮೊಟ್ಟೆಯ ವಾಸನೆ. ಕೆಮಿಸ್ಟ್ರಿ ಲ್ಯಾಬಿನ ಆ ಗ್ಯಾಸು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಕೋಟನ್ನು ಬಕೆಟ್ಟಿಗೆ ಹಾಕಲು ಹೋದ ಕೈ ಹಾಗೇ ನಿಂತಿತು... ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಅಕ್ಕ ನೆನಪಾದಳು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಕಾರವಾರದಲ್ಲಿ ನಾನು ಬಿ.ಎಸ್ಸಿ.ಗೆ ಸೇರಿದಾಗ ಅವಳು ಕೊನೆಯ ವರ್ಷದಲ್ಲಿದ್ದಳು. ಶೆಟಗೇರಿಯವಳು. ತಂದೆ ಇರಲಿಲ್ಲ, ತಾಯಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು. ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಬೇಕೆಂಬ ಆಸೆ ಅವಳಿಗೆ. ನನಗೆ ಅರ್ಥವಾಗದ್ದನ್ನು ತಲೆಗೊಂದು ಮೊಟಕಿ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದಳು.

ಒಂದು ಸಂಜೆ ಜರ್ನಲ್ಲಿಗೆ ಸಹಿ ಹಾಕುವ ನೆಪದಲ್ಲಿ ಲ್ಯಾಬಿನ ಉಪನ್ಯಾಸಕ ಅವಳೊಬ್ಬಳನ್ನೇ ಉಳಿಸಿಕೊಂಡ. ಬಾಗಿಲು ಹಾಕಿದ. ಹಾಸ್ಟೆಲಿಗೆ ಬಂದಾಗ ಅವಳ ತುಟಿ ಒಡೆದಿತ್ತು, ಚೂಡಿದಾರದ ತೋಳು ಹರಿದಿತ್ತು. ನಡೆದದ್ದನ್ನೆಲ್ಲ ವಾರ್ಡನ್‌ಗೆ ಹೇಳಿದಳು. ಅವರು ನೀರು ಕಾಯಿಸಿಕೊಟ್ಟು, ಸ್ನಾನ ಮಾಡಿ ಮಲಗು, ಯಾರಿಗೂ ಹೇಳಬೇಡ ಎಂದರು. ಹರಿದ ಬಟ್ಟೆಯನ್ನು ತಾವೇ ಒಗೆದು ಒಣಹಾಕಿದರು. ಅದನ್ನು ನಾವೆಲ್ಲ ಕರುಣೆ ಎಂದುಕೊಂಡೆವು! ಡಾಕ್ಟರ ಬಳಿ ಹೋಗುವ, ಪೊಲೀಸರಿಗೆ ದೂರು ಕೊಡುವ ಹಕ್ಕು ನಿನಗಿದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸಾಕ್ಷಿ ಬಚ್ಚಲಿನ ನೀರಲ್ಲಿ ಹರಿದುಹೋಯಿತು.

ಆದರೂ ಅಕ್ಕ ಪ್ರಿನ್ಸಿಪಾಲರಿಗೆ ದೂರು ಬರೆದುಕೊಟ್ಟಳು. ಆಮೇಲೆ ಅವರ ವಿಚಾರಣೆ. ಇಂಥ ದೂರುಗಳಿಗೆ ಸಮಿತಿ ಬೇಕು, ಅದರಲ್ಲಿ ಹೆಂಗಸರು ಇರಬೇಕು ಎಂದು ಸುಪ್ರೀಂ ಕೋರ್ಟು ಆಗಲೇ ಹೇಳಿಯಾಗಿತ್ತು. ನಮ್ಮಲ್ಲಿ ಕೂತಿದ್ದವರು ಬರೀ ಗಂಡಸರು. ಅದೇ ಮೇಜಿನ ಪಕ್ಕಕ್ಕೆ ಆ ಉಪನ್ಯಾಸಕನೂ ಕೂತಿದ್ದ. ಒಬ್ಬಳೇ ಯಾಕೆ ಉಳಿದೆ, ಯಾಕೆ ಕೂಗಲಿಲ್ಲ... ಪ್ರಶ್ನೆಗಳೆಲ್ಲ ಅವಳಿಗೆ. ಕೊನೆಗೆ ತಾಯಿಯನ್ನು ಕರೆಸಿ, ಟಿ.ಸಿ. ಕೊಡುತ್ತೇವೆ, ಅಂಕೋಲೆಯಲ್ಲಿ ಓದು ಮುಗಿಸಲಿ, ಹುಡುಗಿಯ ಮರ್ಯಾದೆ ಉಳಿಯುತ್ತದೆ ಎಂದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಅಕ್ಕನ ದನಿ ಸ್ಪಷ್ಟವಾಗಿ ಕೇಳಿಸಿತು.

"ತಪ್ಪು ಮಾಡ್ದವ್ರು ಇಲ್ಲೇ ಇರೂದು, ನಾ ಎಂತಕೆ ಹೋಗೂದು ಸರ್? ನಂಗೆ ಟಿ.ಸಿ. ಬೇಡ."

ತಾಯಿ, ಮಗಳು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದರು.

ಕೇಸು ದಾಖಲಾದರೂ ಪ್ರಾಕ್ಟಿಕಲ್ ಪರೀಕ್ಷೆಗೆ ಅವನನ್ನೇ ಪರೀಕ್ಷಕನಾಗಿ ಕೂರಿಸಿದರು. ಅವನಿದ್ದರೆ ಒಳಗೆ ಬರುವುದಿಲ್ಲ ಎಂದು ಅಕ್ಕ ಲ್ಯಾಬಿನ ಹೊರಗೆ ನಿಂತಳು. ಹಾಸ್ಟೆಲಿನ ನಾವೂ ಹೋಗಿ ಪಕ್ಕದಲ್ಲಿ ನಿಂತೆವು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ವಿಷಯ ತಿಳಿದು ಅವನನ್ನು ಎಬ್ಬಿಸಿ ಕಳಿಸಿದರು. ಅಕ್ಕ ಒಳಗೆ ಹೋದಳು. ಗಾಜಿನ ಪಿಪೆಟ್ ಜಾರಿ ಒಡೆದರೂ ಪರೀಕ್ಷೆ ಮುಗಿಸಿಯೇ ಹೊರಬಂದಳು.

ಪಾಸಾದಳು. ಆದರೆ ಕೋರ್ಟಿನಲ್ಲಿ ವಾರ್ಡನ್ ತಮಗೇನೂ ಗೊತ್ತಿಲ್ಲ ಎಂದುಬಿಟ್ಟರು. ಅವನು ಖುಲಾಸೆಯಾದ, ನಿವೃತ್ತಿಯ ದಿನ ಕಾಲೇಜು ಶಾಲು ಹೊದಿಸಿ ಕಳಿಸಿತು. ಕೋರ್ಟಿಗೆ ಅಲೆಯುವುದರಲ್ಲೇ ಅಕ್ಕನ ಎಂ.ಎಸ್ಸಿ. ಕೈತಪ್ಪಿತು. ಸುಂಕಸಾಳದ ಕಡೆ ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿ ಉಳಿದಳು.

ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡಳು. ತಾಯಿಯನ್ನು ಮಾತಾಡಿಸಲು ಶೆಟಗೇರಿಗೆ ಹೋದಾಗ ಆ ವಾರ್ಡನ್ನೂ ಬಂದಿದ್ದರು. ಪಾಪದ ಹುಡುಗಿ, ಯಾರ ತಂಟೆಗೂ ಹೋದವಳಲ್ಲ ಎಂದು ಕಣ್ಣೊರೆಸಿಕೊಂಡರು.

ತಾಯಿ ತಲೆಯೆತ್ತಿದರು. "ಹೋಗಿತ್ತು ಅಕ್ಕೋರೆ. ಕೋರ್ಟಿನ ತನ್ಕ ಹೋಗಿತ್ತು. ಅಲ್ಲಿ ನೀವು ಎಂತ ಹೇಳಿದ್ರಿ, ಇವ್ರೆಲ್ಲರ ಮುಂದೆ ಒಂದ್ಸಲ ಹೇಳಿ."

ವಾರ್ಡನ್ ಎದ್ದು ಹೋದರು. ಕೂತಿರಿ ಎಂದು ಯಾರೂ ಹೇಳಲಿಲ್ಲ.

ಈಗ ಅಕ್ಕ ಇಲ್ಲ. ಅವನಿದ್ದಾನೆ. ಪಿಂಚಣಿ ಬರುತ್ತದೆ, ಸಂಜೆ ಕಾರವಾರದ ಕಡಲತೀರದಲ್ಲಿ ತಿರುಗಾಡುತ್ತಾನೆ, ಹಳೆಯ ವಿದ್ಯಾರ್ಥಿಗಳು ನಿಂತು ನಮಸ್ಕಾರ ಮಾಡುತ್ತಾರೆ. ಎದುರು ಸಿಕ್ಕರೆ ನಾನು ಅವನ ಮುಖವನ್ನೇ ನೋಡುತ್ತ ನಿಲ್ಲುತ್ತೇನೆ, ಅವನು ಕಣ್ಣು ತಗ್ಗಿಸುವವರೆಗೆ... ಇಷ್ಟೇ ನನ್ನಿಂದ ಆಗುವುದು ಎಂಬುದಕ್ಕೂ ಸಿಟ್ಟು ಬರುತ್ತದೆ.