ಮಂಜುಗಡ್ಡೆಯ ಮೇಲಿನ ನಾಣ್ಯ

ನನ್ನ ದೊಡ್ಡಮ್ಮ ಆರ್ಡಿತ್ ಪೆಲ್ಕಿ ಅಲುಗಾಡದೆ ಕೂತದ್ದನ್ನು ನಾನು ಕಂಡಿರುವುದು ಶಾಲಾ ಬಸ್ಸಿನ ಚಾಲಕರ ಸೀಟಿನಲ್ಲಿ ಮಾತ್ರ. ಮನೆಗೆ ಬಂದರೆ ಅವಳ ಕೈಗೆ ಏನಾದರೊಂದು ಬಿಚ್ಚಲು ಬೇಕು: ಟೋಸ್ಟರು, ಬಟ್ಟೆ ಒಣಗಿಸುವ ಯಂತ್ರ, ಪಕ್ಕದ ಮನೆಯವರ ಹೊಲಿಗೆ ಯಂತ್ರ. ನಮ್ಮ ಅರೂಸ್ಟುಕ್ ಜಿಲ್ಲೆಯಲ್ಲಿ ಆಲೂಗಡ್ಡೆ ಕೀಳುವ ದಿನಗಳಲ್ಲಿ ರಿಪೇರಿಯವರು ಸಿಗುವುದಿಲ್ಲ. ಹಾಗಾಗಿ ಕಲಿತೆ ಎನ್ನುತ್ತಾಳೆ.

ಆ ವರ್ಷ ಅಕ್ಟೋಬರ್ ಬೆಚ್ಚಗಿತ್ತು. ಹದಿನೇಳು ವರ್ಷ ಅರ್ಜಿ ಹಾಕಿದ ಮೇಲೆ ಅವಳ ಹೆಸರಿಗೆ ಮೂಸ್ ಎಂಬ ದೈತ್ಯ ಕಾಡುಜಿಂಕೆಯ ಬೇಟೆಗೆ ಪರವಾನಗಿಯ ಲಾಟರಿ ಎದ್ದಿತ್ತು. ಇಡೀ ಚಳಿಗಾಲಕ್ಕಾಗುವ ಮಾಂಸ ಬಿಳಿ ಕಾಗದ ಸುತ್ತಿಕೊಂಡು ನೆಲಮಾಳಿಗೆಯ ಹೊಸ ಫ್ರೀಜರಿನಲ್ಲಿ ಮಲಗಿತ್ತು. ಮಾಂಸದ ಮೇಲೆ, ನಮ್ಮ ಕಡೆ ಎಲ್ಲರೂ ಇಡುವಂತೆ, ಒಂದು ಲೋಟ ಮಂಜುಗಡ್ಡೆ. ಗಡ್ಡೆಯ ಮೇಲೊಂದು ಸೆಂಟ್ ನಾಣ್ಯ. ನಾಣ್ಯ ತಳ ಸೇರಿದರೆ ಮಾಂಸವೂ ಕರಗಿದೆ, ಬಿಸಾಡಬೇಕು.

ಗುರುವಾರ ಬೆಳಗ್ಗೆ ದೊಡ್ಡಮ್ಮ ಮಕ್ಕಳನ್ನು ಶಾಲೆಗೆ ಇಳಿಸಿ ಬಂದಾಗ ನೆಲಮಾಳಿಗೆಯಲ್ಲಿ ಫ್ರೀಜರಿನ ಸದ್ದು ನಿಂತುಹೋಗಿತ್ತು. ಬೇಟೆಯ ಕಾಲ, ಊರಿನವರ ಫ್ರೀಜರೆಲ್ಲ ತುಂಬಿದ್ದವು, ಮಾಂಸ ಸಾಗಿಸಲು ಜಾಗವಿರಲಿಲ್ಲ. ದೊಡ್ಡಮ್ಮ ಕಂಪನಿಗೆ ಫೋನು ಮಾಡಿದಳು.

"ನಮ್ಮವರು ಬರೋಕೆ ಹತ್ತು ದಿನ ಆಗುತ್ತೆ ಮೇಡಂ," ಎಂದಿತು ಹುಡುಗಿಯ ದನಿ. "ಅಲ್ಲೀವರೆಗೂ ಬಿಚ್ಚಬೇಡಿ. ಕಾನೂನು ಪ್ರಕಾರ ತಪ್ಪು."

"ಯಾವ ಕಾನೂನಮ್ಮಾ? ಹೆಸರು ಹೇಳು, ಬರ್ಕೋತೀನಿ."

"ಅಂದ್ರೆ... ಕಂಪನಿ ನಿಯಮ. ಗ್ಯಾರಂಟಿ ಹೋಗುತ್ತೆ."

"ಹಾಗನ್ನು. ನಾನೇನೋ ನಿಮ್ದೂ ಒಂದು ವಿಧಾನಸಭೆ ಇದೆ ಅನ್ಕೊಂಡೆ."

ಫೋನಿನಲ್ಲಿ ಅಷ್ಟು ಜೋರಾಗಿದ್ದವಳು ಫ್ರೀಜರಿನ ಹಿಂಬದಿಗೆ ಹೋಗಿ ನಿಂತುಬಿಟ್ಟಳು. ಹಿಂದಿನ ತಗಡಿನ ಸ್ಕ್ರೂ ಮೇಲೆ ಕೆಂಪು ಚೀಟಿ: ಹರಿದರೆ ಐದು ವರ್ಷದ ಗ್ಯಾರಂಟಿ ರದ್ದು. ಸ್ಕ್ರೂಡ್ರೈವರ್ ಹಿಡಿದು ಮೆಟ್ಟಿಲು ಹತ್ತಿದಳು, ಇಳಿದಳು. ಕಾಲು ಗಂಟೆಗೊಮ್ಮೆ ಮುಚ್ಚಳ ಎತ್ತಿ ನಾಣ್ಯ ನೋಡಿದಳು.

"ಹೀಗೆ ತೆಗೀತಾ ಇದ್ರೆ ಇರೋ ಚಳೀನೂ ನೀನೇ ಹೊರಗೆ ಕಳಿಸ್ತೀಯ," ಎಂದ ದೊಡ್ಡಪ್ಪ ಡೆಲ್ಬರ್ಟ್, ಕಾಫಿ ಲೋಟದ ಸಮೇತ ಮುಚ್ಚಳದ ಮೇಲೇ ಹತ್ತಿ ಕೂತ.

"ಇಳೀರಿ ಕೆಳಗೆ."

"ಇಳಿಯಲ್ಲ. ನೀನು ಬಿಚ್ಚೋದೂ ಬೇಡ. ನಾಳೆ ಶೆರಿಫ್ ಪೊಲೀಸರನ್ನ ಕರ್ಕೊಂಡು ಬಂದ್ರೆ?"

"ಬರ್ಲಿ, ಊಟ ಹಾಕಿ ಕಳಿಸ್ತೀನಿ."

ಸಂಜೆಯ ಬಸ್ಸು ಮುಗಿಸಿ ಬಂದವಳೇ ಇನ್ನೂ ಅಲ್ಲೇ ಕೂತಿದ್ದ ಅವನನ್ನು ತಳ್ಳಿ ಮುಚ್ಚಳ ಎತ್ತಿದಳು. ಗಡ್ಡೆಯ ಮೇಲೆ ನೀರು ನಿಂತಿತ್ತು. ನಾಣ್ಯದ ಒಂದು ಅಂಚು ಒಳಗಿಳಿದಿತ್ತು.

 ಪ್ಲಗ್ ಕಿತ್ತು ಕೆಂಪು ಚೀಟಿಯನ್ನು ಉಗುರಿನಿಂದ ಹರಿದಳು. ಒಳಗಿನ ಸರ್ಕ್ಯೂಟ್ ಬೋರ್ಡು ಸುಟ್ಟು ಕಪ್ಪಾಗಿತ್ತು. ಹೊಸದು ಹಾಕಿದರೂ ಕಂಪನಿಯವರ ಗುಟ್ಟಿನ ಸಂಖ್ಯೆ ಒತ್ತದೆ ಅದು ಏಳುವುದಿಲ್ಲ. ಶೆಡ್ಡಿನಲ್ಲಿ ಅವಳ ಅಮ್ಮನ ಕಾಲದ, ಮೋಟಾರು ಸುಟ್ಟ ಫ್ರೀಜರಿತ್ತು. ಅದರ ಚಳಿ ಹೆಚ್ಚುಕಮ್ಮಿ ಮಾಡುವ ತಿರುಗುಗುಂಡಿ ಕಿತ್ತು ತಂದು, ಬೋರ್ಡನ್ನು ಬಿಟ್ಟು, ನೇರ ಮೋಟಾರಿಗೆ ಜೋಡಿಸಿದಳು. ನಾನು ಟಾರ್ಚ್ ಹಿಡಿದಿದ್ದೆ. ಪ್ಲಗ್ ಹಾಕಿದಾಗ ಮೋಟಾರು ಒಮ್ಮೆ ಕೆಮ್ಮಿ ಗುಂಯ್ ಎಂದಿತು.

ಬೆಳಗ್ಗೆ ನಾಣ್ಯ ಓರೆಯಾಗಿ, ಅರ್ಧ ಮುಳುಗಿ, ಹಾಗೇ ಹೆಪ್ಪುಗಟ್ಟಿ ನಿಂತಿತ್ತು. ಮಾಂಸ ಕಲ್ಲಿನಂತಿತ್ತು.

ಹತ್ತು ದಿನದ ಮೇಲೆ ಕಂಪನಿಯ ಗಡ್ಡದ ಮನುಷ್ಯ ಬಂದು ಹಿಂಬದಿ ಬಗ್ಗಿ ನೋಡಿದ. "ಯಾರು ಮಾಡಿದ್ದು ಇದು?"

"ನಾನೇ. ಮನೆ ನಂದು, ಫ್ರೀಜರ್ ನಂದು."

ತಂತಿ ಸೇರಿಸಿದ ಜಾಗಗಳನ್ನು ಬೆರಳಿನಿಂದ ಎಳೆದು ನೋಡಿದ. "ಕೆಲಸ ಚೆನ್ನಾಗಿದೆ. ಆದ್ರೂ ನಾನು ಬರೀಲೇಬೇಕಲ್ಲ."

"ಬರೀರಿ. ಅಕ್ಷರ ಸ್ವಲ್ಪ ದೊಡ್ಡದಾಗಿರ್ಲಿ."

ಗ್ಯಾರಂಟಿ ರದ್ದು ಎಂಬ ಹಾಳೆಯನ್ನು ದೊಡ್ಡಮ್ಮ ಅಯಸ್ಕಾಂತದಿಂದ ಫ್ರೀಜರಿಗೇ ಅಂಟಿಸಿದಳು. ಅವನ ಗಾಡಿ ತಿರುವು ದಾಟುವ ಮೊದಲೇ ಮುಚ್ಚಳ ಎತ್ತಿದಳು. ನಾಣ್ಯ ಇದ್ದಲ್ಲೇ ಇತ್ತು. ಮುಚ್ಚಿ ನಾಲ್ಕು ಮೆಟ್ಟಿಲು ಹತ್ತಿದಳು, ನಿಂತಳು, ಮತ್ತೆ ಇಳಿದು ಬಂದಳು.